ಎಲೆ ಒಂದೇ, ಪರಿಮಳ ಬೇರೆ

ನಾಗರ ಪಂಚಮಿಯ ಮುನ್ನಾದಿನ. ಆಟಿ ತಿಂಗಳ ಮಳೆ ಒಮ್ಮೆ ಸುರಿದು ನಿಂತಿದೆ. ಮಂಗಳೂರಿನ ರಥಬೀದಿಯ ಟಾರ್ಪಾಲುಗಳ ಅಂಚಿನಿಂದ ಹನಿ ಇನ್ನೂ ತೊಟ್ಟಿಕ್ಕುತ್ತಿದೆ. ಅದರಡಿ ಕೇದಗೆಯ ಗರಿ, ಬಿರಿಯದ ಹಿಂಗಾರ, ಸಂಪಿಗೆ, ಬೊಂಡದ ರಾಶಿ. ಇವೆಲ್ಲದರ ನಡುವೆ ಬಾಳೆನಾರಿನಲ್ಲಿ ಬಿಗಿದ ಅರಿಶಿನ ಎಲೆಯ ಕಟ್ಟುಗಳು, ಮೊಳದುದ್ದ, ನಟ್ಟನಡುವೆ ನೇರ ನರ, ತೊಳೆದಷ್ಟು ಹಸುರು.

ಒಂದು ಕಟ್ಟನ್ನು ಎತ್ತಿ ತಿರುಗಿಸುತ್ತಿದ್ದರೆ, ಮಾರುವ ಅಕ್ಕ ಎಲೆಯ ತುದಿ ಹರಿದು, ಬೆರಳಲ್ಲಿ ತಿಕ್ಕಿ ಮೂಗಿನ ಹತ್ತಿರ ಹಿಡಿದರು. "ನೋಡಿದ್ರೆ ಗೊತ್ತಾಗುದಿಲ್ಲ ಮಾರಾಯ್ರೆ, ಮೂಸ್ಬೇಕು. ಕುಕ್ಕುಶುಂಠಿಯ ಎಲೆಯೂ ಹೀಗೇ ಉಂಟು. ಅದರಲ್ಲಿ ಗಟ್ಟಿ ಬೇಯಿಸಿದ್ರೆ ಈ ಪರಿಮಳ ಬರುದಿಲ್ಲ."

ಕುಕ್ಕು ಎಂದರೆ ತುಳುವಿನಲ್ಲಿ ಮಾವು. ಮಾವಿನಶುಂಠಿಗೆ ಶುಂಠಿಯ ಹೆಸರಿದ್ದರೂ ಅದು ಅರಿಶಿನದ ದಾಯಾದಿ. ಕಸ್ತೂರಿ ಅರಿಶಿನವೂ ಸೇರಿ ಮೂರೂ ಕರ್ಕ್ಯುಮಾ ಕುಲದವು. ಗಡ್ಡೆ ಮುರಿದರೆ ಅರಿಶಿನದ ಗುಟ್ಟು ಬಣ್ಣದಲ್ಲೇ ರಟ್ಟಾಗುತ್ತದೆ, ಉಳಿದೆರಡರ ಒಳಗು ಮಾತ್ರ ತಿಳಿಹಳದಿ. ಸಸ್ಯಶಾಸ್ತ್ರಜ್ಞರು ಹೂವು ನೋಡಿ ಹೆಸರು ಹೇಳುತ್ತಾರೆ ನಿಜ, ಆದರೆ ಹೂವು ಕೆಲವೇ ವಾರಗಳ ನೆಂಟ. ವರ್ಣತಂತುಗಳನ್ನು ಎಣಿಸಿದರೆ ಮಾವಿನಶುಂಠಿಗೆ 42, ಅರಿಶಿನಕ್ಕೆ 63. ಆ ಬೆಸ ಲೆಕ್ಕದಿಂದಲೇ ಅರಿಶಿನ ಬೀಜ ಕಟ್ಟುವುದು ಅಪರೂಪ.

ಹಾಗಾಗಿ ಪ್ರಯೋಗಾಲಯವೂ ಅಕ್ಕನ ದಾರಿಯನ್ನೇ ಹಿಡಿಯುತ್ತದೆ. ಹೆಚ್ಚಿದ ಗಡ್ಡೆಯನ್ನು ಗುಂಡು ಬುರುಡೆಯಲ್ಲಿ ನೀರಿನೊಂದಿಗೆ ಕುದಿಸುತ್ತಾರೆ. 1928ರಲ್ಲಿ ಕ್ಲೆವೆಂಜರ್ ರೂಪಿಸಿದ ಗಾಜಿನ ಕೊಳವೆಯಲ್ಲಿ ಆವಿ ಮೇಲೇರಿ, ತಣಿದು, ಹನಿಹನಿಯಾಗಿ ಇಳಿಯುತ್ತದೆ. ಗಂಟೆಗಟ್ಟಲೆ ಕಾದ ಮೇಲೆ ನೀರಿನ ಮೇಲೊಂದು ತೆಳು ಎಣ್ಣೆಪದರ. ಅದರಲ್ಲಿ ಹನಿಗಿಂತಲೂ ಕಡಿಮೆ ಸಾಕು. ಗ್ಯಾಸ್ ಕ್ರೊಮಟೋಗ್ರಾಫ್‌ನೊಳಗೆ ಒಂದೊಂದು ಘಟಕವೂ ತನ್ನ ಹೊತ್ತಿಗೆ ಹೊರಬಂದು ಪರದೆಯ ಮೇಲೊಂದು ಶಿಖರ ಬರೆಯುತ್ತದೆ. ಅರಿಶಿನದ ಗಡ್ಡೆಯದಾದರೆ ಟರ್ಮರೋನುಗಳು ಎತ್ತರ ನಿಲ್ಲುತ್ತವೆ. ಮಾವಿನಶುಂಠಿಯಲ್ಲಿ ಸಾಮಾನ್ಯವಾಗಿ ಮೈರ್ಸೀನ್. ಅದರ ಮಾವಿನ ವಾಸನೆಯ ಬೆನ್ನುಹತ್ತಿದ ಮುಂಬಯಿಯ ಭಾಭಾ ಅಣುಸಂಶೋಧನ ಕೇಂದ್ರದವರು 1984ರಲ್ಲಿ ಆಸಿಮೀನ್, ಕ್ಯಾರೀನ್‌ಗಳ ಕಡೆ ಬೆರಳು ತೋರಿಸಿದರು. ಆಸಿಮೀನ್ ಮಾವಿನಕಾಯಿಯಲ್ಲೂ ಇದೆ, ತುಳುವರ ಹೆಸರು ಸುಮ್ಮನೆ ಬಂದದ್ದಲ್ಲ. ಎಣ್ಣೆಯಿಂದ ಗಿಡ ಗುರುತಿಸುವುದು ಹೊಸದೇನಲ್ಲ, ಆಸ್ಟ್ರೇಲಿಯದಲ್ಲಿ ಬೇಕರ್ ಮತ್ತು ಸ್ಮಿತ್ 1902ರಷ್ಟು ಹಿಂದೆಯೇ ನೀಲಗಿರಿ ಮರಗಳನ್ನು ವಿಂಗಡಿಸಲು ಎಲೆಯ ಎಣ್ಣೆಯ ಸಾಕ್ಷಿ ಕೇಳಿದ್ದರು.

ಸಾಕ್ಷಿ ಕೇಳುವಾಗ ಎಚ್ಚರ ಬೇಕು. ದಾಲ್ಚಿನ್ನಿಯ ತೊಗಟೆಯಲ್ಲಿ ಸಿನ್ನಮಾಲ್ಡಿಹೈಡ್, ಅದೇ ಮರದ ಎಲೆಯಲ್ಲಿ ಲವಂಗದ ಯೂಜಿನಾಲ್. ಅರಿಶಿನದ ಎಲೆಯಲ್ಲೂ ಗಡ್ಡೆಯ ಟರ್ಮರೋನ್ ಹಿಂದೆ ಸರಿದು, ಹೆಚ್ಚಾಗಿ ಫೆಲಾಂಡ್ರೀನ್ ಮುಂದೆ ಬರುತ್ತದೆ. ಮಣ್ಣು, ಋತು, ಒಣಗಿಸಿದ ರೀತಿ ಎಲ್ಲವೂ ಪ್ರಮಾಣವನ್ನು ಏರಿಳಿಸುತ್ತವೆ. ಎಲೆಯನ್ನು ಎಲೆಯೊಂದಿಗೇ ಹೋಲಿಸಬೇಕು, ಅದೂ ಹಲವು ಗಿಡಗಳದ್ದನ್ನು.

ಮರುದಿನ ಬೆಳಿಗ್ಗೆ ಮನೆಯಲ್ಲಿ ಎಲೆಗೆ ಅಕ್ಕಿಹಿಟ್ಟು ಸವರಿ, ನಡುವೆ ಕಾಯಿಬೆಲ್ಲ ಹರಡಿ, ಮಡಚಿ ತೊಂದೂರಿನ ಹಬೆಯಲ್ಲಿ ಬೇಯಲಿಟ್ಟೆವು. ಮುಚ್ಚಳದ ಸಂದಿಯಿಂದ ಆವಿ ನುಗ್ಗಿದ್ದೇ ತಡ, ಪರಿಮಳ ಜಗಲಿಯವರೆಗೂ ಹೋಯಿತು. ಬೆಂದ ಗಟ್ಟಿಯಿಂದ ಸುಲಿದ ಎಲೆಯನ್ನು ಎಸೆಯುವ ಮುಂಚೆ ಒಮ್ಮೆ ಮೂಸಿ ನೋಡಿದೆ. ನಿನ್ನೆಯ ಘಾಟು ಇಳಿದಿತ್ತು. ಅದೆಲ್ಲ ಎಲ್ಲಿಗೆ ಹೋಯಿತೆಂದು ಮೊದಲ ತುತ್ತು ಹೇಳಿತು.