ಎಬ್ಬಿಸಿ ನಡೆಸುವ ವೃತ್ತಿ

ನಮ್ಮ ಕನ್ನಡ ಕೂಟದ ಯಾವ ಸಮಾರಂಭಕ್ಕೆ ಹೋದರೂ ನನಗೆ ಎರಡು ಪ್ರಶ್ನೆಗಳು ಕಾದಿರುತ್ತವೆ. ಮೊದಲನೆಯದು ಊಟದ ಸಾಲಿನಲ್ಲಿ: "ಸ್ವಲ್ಪ ನನ್ನ ಮಂಡಿ ನೋಡ್ತೀರಾ?" ಎರಡನೆಯದು ಊಟವಾದ ಮೇಲೆ, ಪಕ್ಕಕ್ಕೆ ಕರೆದು, ತಗ್ಗಿದ ದನಿಯಲ್ಲಿ: "ಮಗಳು ಫಿಸಿಕಲ್ ಥೆರಪಿ ಓದ್ತೀನಿ ಅಂತಿದ್ದಾಳೆ. ಗ್ರೇಡ್ ಎಲ್ಲಾ ಚೆನ್ನಾಗಿದೆ, ಮೆಡಿಸಿನ್ನಿಗೇ ಹೋಗಬಹುದಿತ್ತು. ಅದರಲ್ಲಿ ಅಂಥಾದ್ದೇನಿದೆ?" ಮೊದಲ ಪ್ರಶ್ನೆಗೆ ಅಲ್ಲೇ ಏನಾದರೂ ಹೇಳಿಬಿಡುತ್ತೇನೆ. ಎರಡನೆಯದು ನಿಂತಲ್ಲೇ ಹೇಳಿ ಮುಗಿಯುವಂಥದಲ್ಲ. ಅದಕ್ಕಾಗಿ ಈ ಲೇಖನ.

ಊರಿನಲ್ಲಿ ನಾವು ಫಿಸಿಯೋಥೆರಪಿ ಎನ್ನುವುದನ್ನೇ ಇಲ್ಲಿ ಅಮೆರಿಕದಲ್ಲಿ ಫಿಸಿಕಲ್ ಥೆರಪಿ ಎನ್ನುತ್ತಾರೆ. ಬಿಸಿ ಶಾಖ ಕೊಟ್ಟು ಮಾಲೀಶು ಮಾಡುವ ಕೆಲಸವೆಂದು ಹಲವರ ಭಾವನೆ. ಶಾಖವೂ ಉಂಟು, ಕೈಯಿಂದ ಮಾಡುವ ಚಿಕಿತ್ಸೆಯೂ ಉಂಟು. ಆದರೆ ಅವು ಕೆಲಸದ ಸಣ್ಣ ಪಾಲು. ಒಬ್ಬರು ಏಕೆ ಏಳಲಾರರು, ಏಕೆ ನಡೆಯಲಾರರು, ಏಕೆ ಕೈ ಎತ್ತಲಾರರು ಎಂದು ಕಂಡುಹಿಡಿದು, ಅದನ್ನು ಅವರೇ ಮತ್ತೆ ಮಾಡುವಂತೆ ಹಂತ ಹಂತವಾಗಿ ಕಲಿಸುವುದು ನಿಜವಾದ ಕೆಲಸ.

ಯುದ್ಧ ಮತ್ತು ಪೋಲಿಯೋ

ಈ ದೇಶದಲ್ಲಿ ಈ ವೃತ್ತಿ ಹುಟ್ಟಿದ್ದೇ ಯುದ್ಧದಿಂದ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನು ಮತ್ತೆ ನಡೆದಾಡುವಂತೆ ಮಾಡಲು 1918ರ ಹೊತ್ತಿಗೆ ತರುಣಿಯರಿಗೆ ವಿಶೇಷ ತರಬೇತಿ ಕೊಡಲಾಯಿತು. ಅವರನ್ನು 'ರೀಕನ್‌ಸ್ಟ್ರಕ್ಷನ್ ಏಯ್ಡ್' ಎಂದು ಕರೆಯುತ್ತಿದ್ದರು. ಅವರಲ್ಲಿ ಪ್ರಮುಖರಾದ ಮೇರಿ ಮ್ಯಾಕ್‌ಮಿಲನ್ 1921ರಲ್ಲಿ ಸ್ಥಾಪನೆಯಾದ ವೃತ್ತಿಸಂಘದ ಮೊದಲ ಅಧ್ಯಕ್ಷೆಯಾದರು. ಇಂದಿನ ಅಮೆರಿಕನ್ ಫಿಸಿಕಲ್ ಥೆರಪಿ ಅಸೋಸಿಯೇಷನ್ ಬೆಳೆದದ್ದು ಆ ಸಂಘದಿಂದಲೇ. ಮುಂದೆ 1940 ಮತ್ತು 50ರ ದಶಕಗಳಲ್ಲಿ ಪೋಲಿಯೋ ಹಬ್ಬಿದಾಗ, ಕಾಲು ಸೋತ ಸಾವಿರಾರು ಮಕ್ಕಳ ಜೊತೆ ತಿಂಗಳುಗಟ್ಟಲೆ ಕುಳಿತವರು ಇವರೇ. 1955ರಲ್ಲಿ ಲಸಿಕೆ ಬಂತು. ಆದರೆ ಔಷಧ ಮತ್ತು ಶಸ್ತ್ರಚಿಕಿತ್ಸೆ ಮುಗಿದ ಮೇಲೂ ಒಂದು ದೊಡ್ಡ ಕೆಲಸ ಬಾಕಿ ಇರುತ್ತದೆ ಎಂಬುದು ಆ ವೇಳೆಗೆ ಎಲ್ಲರಿಗೂ ಮನವರಿಕೆಯಾಗಿತ್ತು.

ಸೆಳೆಯುವುದು ಯಾವುದು?

ಈ ಓದಿಗೆ ಬರುವ ಮಕ್ಕಳಲ್ಲಿ ಅನೇಕರು ಮೊದಲು ತಾವೇ ರೋಗಿಗಳಾಗಿದ್ದವರು. ಫುಟ್ಬಾಲ್ ಆಡುವಾಗ ಮಂಡಿಯೊಳಗಿನ ಎ.ಸಿ.ಎಲ್. ಎಂಬ ಕಟ್ಟು ಹರಿದರೆ, ಶಸ್ತ್ರಚಿಕಿತ್ಸೆಯ ನಂತರ ಮೈದಾನಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕು. ರಂಗಪ್ರವೇಶಕ್ಕೆ ತಯಾರಾಗುತ್ತಿರುವ ನಮ್ಮ ಹೆಣ್ಣುಮಕ್ಕಳು ಪಾದ, ಮಂಡಿ ನೋವೆಂದು ಬರುತ್ತಾರೆ. ಅಂಥ ದಿನಗಳಲ್ಲಿ ವಾರಕ್ಕೆ ಎರಡು ಮೂರು ಸಲ ಎದುರು ಕುಳಿತು ಧೈರ್ಯ ಹೇಳುವವರು ಥೆರಪಿಸ್ಟ್. ಡಾಕ್ಟರ ಭೇಟಿ ಹತ್ತು ಹದಿನೈದು ನಿಮಿಷಕ್ಕೆ ಮುಗಿದರೆ, ನಮ್ಮ ಭೇಟಿ ಅರ್ಧ ಗಂಟೆಯಿಂದ ಒಂದು ಗಂಟೆ. ಒಬ್ಬ ಮನುಷ್ಯನ ಜೊತೆ ಇಷ್ಟು ಹೊತ್ತು, ಇಷ್ಟು ವಾರ ಇರಲು ಆಸ್ಪತ್ರೆಯ ಕೆಲಸಗಳಲ್ಲಿ ಹೆಚ್ಚು ಮಂದಿಗೆ ಅವಕಾಶ ಸಿಗುವುದಿಲ್ಲ.

ಎರಡನೆಯ ಸೆಳೆತ ಮನೆಯ ಹಿರಿಯರಿಂದ ಬರುತ್ತದೆ. ಕೆಲವು ವರ್ಷಗಳ ಹಿಂದೆ ಹಾಸನದ ಕಡೆಯ ಅಜ್ಜಿಯೊಬ್ಬರು ಮಗನ ಮನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ನಾನು ಮನೆಗೆ ಹೋದಾಗ ಸೊಸೆ ಹಾಸಿಗೆಗೇ ಕಾಫಿ, ಹಾಸಿಗೆಗೇ ಊಟ ತಂದು ಕೊಡುತ್ತಿದ್ದರು. ಅಜ್ಜಿಯನ್ನು ಒಂದು ಹೆಜ್ಜೆ ಇಡಲು ಬಿಡುತ್ತಿರಲಿಲ್ಲ. ಎಷ್ಟು ಪ್ರೀತಿ! ಆದರೆ ಆ ಪ್ರೀತಿಯೇ ಅವರನ್ನು ದಿನದಿಂದ ದಿನಕ್ಕೆ ಸೋಲಿಸುತ್ತಿತ್ತು. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆರೋಗ್ಯವಾಗಿದ್ದ ಹಿರಿಯರನ್ನು ಬರೀ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿದಾಗ ಕಾಲುಗಳಲ್ಲೇ ಸುಮಾರು ಒಂದು ಕಿಲೋದಷ್ಟು ಮಾಂಸಖಂಡ ಕರಗಿತ್ತು. ಮೂಳೆ ಮುರಿದವರ ಪಾಡು ಹೇಳಬೇಕೆ?

"ಅಮ್ಮಾ, ನಾಳೆಯಿಂದ ಕಾಫಿ ಅಡುಗೆಮನೆಯಲ್ಲಿ ಮಾತ್ರ ಸಿಗುತ್ತೆ" ಎಂದೆ. ಅಜ್ಜಿ ಸಿಟ್ಟಾದರು. "ನನ್ನ ಕೈಲಿ ಆಗಲ್ಲ ಕಣಮ್ಮ, ನಿಂಗೆ ಕರುಣೆ ಇಲ್ವಾ?" ಎಂದರು. ಸೊಸೆಯ ಮುಖ ಚಿಕ್ಕದಾಯಿತು. ಮೊದಲ ದಿನ ವಾಕರ್ ಹಿಡಿದು ನಾಲ್ಕು ಹೆಜ್ಜೆ, ಆಮೇಲೆ ಕುರ್ಚಿ. ಹೈಸ್ಕೂಲಿನಲ್ಲಿದ್ದ ಮೊಮ್ಮಗಳು ಹೆಜ್ಜೆ ಎಣಿಸಿ ಕ್ಯಾಲೆಂಡರಿನಲ್ಲಿ ಬರೆದಿಡತೊಡಗಿದಳು. ಆರನೆಯ ವಾರ ನಾನು ಹೋದಾಗ ಅಜ್ಜಿ ಒಲೆಯ ಮುಂದೆ ನಿಂತಿದ್ದರು. ಹಾಲು ಕಾಯಿಸಿ ಕಾಫಿ ಬೆರೆಸಿ, "ಕುಡಿದು ಹೋಗು" ಎಂದರು. ಲೋಟವನ್ನು ನಾನೇ ಹೋಗಿ ತೆಗೆದುಕೊಳ್ಳಬೇಕಾಯಿತು, ಏಕೆಂದರೆ ಅವರ ಒಂದು ಕೈ ಇನ್ನೂ ವಾಕರ್ ಮೇಲಿತ್ತು. ಆ ದಿನ ಮೊಮ್ಮಗಳು ಕಾರಿನವರೆಗೂ ಬಂದು, "ಆಂಟಿ, ಇದನ್ನು ಓದೋಕೆ ಏನು ಮಾಡಬೇಕು?" ಎಂದು ಕೇಳಿದಳು.

ಮೂರನೆಯದು ವಿದ್ಯೆಯ ಸೆಳೆತ. ಪಾರ್ಶ್ವವಾಯು ಹೊಡೆದ ಕೆಲವರಿಗೆ ಒಂದು ವಿಚಿತ್ರ ಚಿಕಿತ್ಸೆ ಕೊಡುತ್ತೇವೆ. ಚೆನ್ನಾಗಿರುವ ಕೈಗೆ ದಪ್ಪ ಕೈಚೀಲ ತೊಡಿಸಿ ಅದನ್ನು ಬಳಸದಂತೆ ಮಾಡಿ, ಸೋತ ಕೈಯಿಂದಲೇ ದಿನಕ್ಕೆ ಹಲವು ಗಂಟೆ ಕೆಲಸ ಮಾಡಿಸುತ್ತೇವೆ. ಬಳಕೆಯಿಂದ ಮೆದುಳು ಹೊಸ ದಾರಿಗಳನ್ನು ಹುಡುಕಿಕೊಳ್ಳುತ್ತದೆ. ಎಲ್ಲರಿಗೂ ಇದು ಹೊಂದದು. ಬೆರಳು ಮಣಿಕಟ್ಟಿನಲ್ಲಿ ಸ್ವಲ್ಪವಾದರೂ ಚಲನೆ ಉಳಿದಿರಬೇಕು. ವಿಜ್ಞಾನದಲ್ಲಿ ಆಸಕ್ತಿಯಿದ್ದು ಜನರ ನಡುವೆ ಇರಲು ಬಯಸುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಎಲ್ಲಿದೆ?

ದಾರಿ ಹೇಗೆ, ಖರ್ಚು ಎಷ್ಟು?

ಆ ಮೊಮ್ಮಗಳಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಮೊದಲು ನಾಲ್ಕು ವರ್ಷದ ಪದವಿ. ಅದರಲ್ಲಿ ಜೀವಶಾಸ್ತ್ರ, ಅಂಗರಚನೆ, ಶರೀರಕ್ರಿಯೆ, ಭೌತಶಾಸ್ತ್ರ, ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ. ನಂತರ ಸುಮಾರು ಮೂರು ವರ್ಷದ 'ಡಾಕ್ಟರ್ ಆಫ್ ಫಿಸಿಕಲ್ ಥೆರಪಿ', ಅಂದರೆ ಡಿ.ಪಿ.ಟಿ. ಕೊನೆಗೆ ರಾಷ್ಟ್ರೀಯ ಪರೀಕ್ಷೆ ಮತ್ತು ರಾಜ್ಯದ ಲೈಸೆನ್ಸ್. ಪದವಿಯ ಹೆಸರಿನಲ್ಲಿ ಡಾಕ್ಟರ್ ಇದ್ದರೂ ಇದು ಎಂ.ಡಿ. ಅಲ್ಲ, ಸಾಮಾನ್ಯವಾಗಿ ನಾವು ಔಷಧ ಬರೆದುಕೊಡುವುದಿಲ್ಲ. ಊರಿನಲ್ಲಿ ನಾಲ್ಕೂವರೆ ವರ್ಷದ ಬಿ.ಪಿ.ಟಿ. ಮುಗಿಸಿ ಬಂದವರು ತಮ್ಮ ಓದನ್ನು ಇಲ್ಲಿನ ಮಟ್ಟಕ್ಕೆ ಹೋಲಿಸಿ ಪರಿಶೀಲಿಸಿಕೊಂಡು ಇದೇ ಪರೀಕ್ಷೆ ಬರೆಯಬೇಕು. ಅಷ್ಟು ವರ್ಷ ಬೇಡವೆನ್ನುವವರಿಗೆ ಸುಮಾರು ಎರಡು ವರ್ಷದ ಅಸಿಸ್ಟೆಂಟ್ ಕೋರ್ಸ್ ಕಮ್ಯುನಿಟಿ ಕಾಲೇಜುಗಳಲ್ಲಿ ದೊರೆಯುತ್ತದೆ.

ಹಣದ ಮಾತನ್ನು ಮುಚ್ಚಿಡಬಾರದು. ಸರ್ಕಾರದ ಲೆಕ್ಕದಂತೆ 2024ರಲ್ಲಿ ಥೆರಪಿಸ್ಟರ ಮಧ್ಯಮ ಸಂಬಳ ವರ್ಷಕ್ಕೆ ಸುಮಾರು 1 ಲಕ್ಷ ಡಾಲರ್. ಕೆಲಸಕ್ಕೆ ಕೊರತೆಯಿಲ್ಲ, ಹಿರಿಯರ ಸಂಖ್ಯೆ ಏರುತ್ತಲೇ ಇದೆ. ಆದರೆ ಏಳು ವರ್ಷದ ಓದಿನ ಸಾಲ ಒಂದು ವರ್ಷದ ಸಂಬಳವನ್ನು ಮೀರುವುದು ಅಪರೂಪವಲ್ಲ. ಆದ್ದರಿಂದ ಹೆಸರುವಾಸಿ ಖಾಸಗಿ ಕಾಲೇಜಿಗಿಂತ ನಿಮ್ಮದೇ ರಾಜ್ಯದ ವಿಶ್ವವಿದ್ಯಾಲಯವನ್ನು ಮೊದಲು ನೋಡಿ. ಲೈಸೆನ್ಸ್ ಎರಡರಿಂದಲೂ ಒಂದೇ. ಇನ್ನು ಕೆಲಸದಲ್ಲಿ ಬೇಸರಗಳೂ ಇವೆ. ವಿಮೆಯವರು ಇಷ್ಟೇ ಭೇಟಿ ಎಂದು ಮಿತಿ ಹಾಕುತ್ತಾರೆ, ಗುಣವಾಗುವ ಮೊದಲೇ ರೋಗಿಯನ್ನು ಬಿಟ್ಟುಕೊಡಬೇಕಾಗುತ್ತದೆ. ರಾತ್ರಿ ಕುಳಿತು ವರದಿ ಬರೆಯಬೇಕು. ಭಾರ ಎತ್ತಿ ನಮ್ಮ ಬೆನ್ನೇ ನೋಯುವುದೂ ಉಂಟು. ಎಲ್ಲ ರೋಗಿಗಳೂ ಎದ್ದು ಕಾಫಿ ಮಾಡುವುದಿಲ್ಲ. ಕೆಲವರಿಗೆ ಹಾಸಿಗೆಯಿಂದ ಕುರ್ಚಿಗೆ ಬರುವುದೇ ಕೊನೆಯ ಗುರಿ. ಆ ಗುರಿಯನ್ನೂ ಗೆಲುವೆಂದು ಕಾಣಬಲ್ಲ ಮನಸ್ಸಿದ್ದರೆ ಮಾತ್ರ ಈ ದಾರಿ.

ತಂದೆತಾಯಿಗಳಿಗೆ ನನ್ನದೊಂದು ವಿನಂತಿ. ಮಗ ಅಥವಾ ಮಗಳು ಈ ಮಾತು ಎತ್ತಿದರೆ, ಮೆಡಿಸಿನ್ ಸಿಗದವರ ಎರಡನೆಯ ಆಯ್ಕೆ ಎಂದು ತಳ್ಳಿಹಾಕಬೇಡಿ; ಕೂಡಲೇ ಒಪ್ಪಲೂ ಬೇಡಿ. ಒಂದು ಬೇಸಿಗೆ ರಜೆಯಲ್ಲಿ ಹತ್ತಿರದ ಆಸ್ಪತ್ರೆಯಲ್ಲೋ ಕ್ಲಿನಿಕ್‌ನಲ್ಲೋ ಕೆಲವು ವಾರ ನಿಂತು ನೋಡಲು ಕಳುಹಿಸಿ. ಅನೇಕ ಕಾಲೇಜುಗಳು ಪ್ರವೇಶಕ್ಕೆ ಇಂಥ ಅನುಭವವನ್ನು ಕೇಳುತ್ತವೆ. ಆಟಗಾರರ ಕ್ಲಿನಿಕ್ ಮಾತ್ರ ಸಾಲದು, ಹಿರಿಯರ ಆರೈಕೆಯ ಮನೆಯನ್ನೂ ನೋಡಲಿ. ಅಲ್ಲಿಂದ ಸಂಜೆ ದಣಿದು ಬಂದ ಮಗು ಮತ್ತೆ ಮರುದಿನ ಹೋಗಲು ತಾನಾಗಿಯೇ ಸಿದ್ಧವಾದರೆ, ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಂತೆ.

ಇನ್ನು ಮಂಡಿಯ ಪ್ರಶ್ನೆಗೂ ಉತ್ತರ ಹೇಳಿಯೇ ಮುಗಿಸುತ್ತೇನೆ. ಊಟವಾದ ಮೇಲೆ ಕುರ್ಚಿಯ ಹಿಡಿಕೆ ಹಿಡಿಯದೆ, ಕೈ ಕಟ್ಟಿಕೊಂಡು ಎದ್ದು ನಿಲ್ಲಲು ಪ್ರಯತ್ನಿಸಿ. ಕಷ್ಟವಾದರೆ ಮಂಡಿಯ ಜೊತೆ ತೊಡೆಯ ಬಲವನ್ನೂ ಪರೀಕ್ಷಿಸಬೇಕಾಗಿದೆ ಎಂದರ್ಥ. ನಿಮ್ಮ ಥೆರಪಿಸ್ಟರನ್ನು ಕಾಣಿ. ನಾಳೆ ಅಲ್ಲಿ ನಿಮ್ಮನ್ನು ಎಬ್ಬಿಸಿ ನಡೆಸುವವರು ನಮ್ಮ ಮಕ್ಕಳೇ ಆಗಿದ್ದು, "ಇನ್ನೊಂದು ಸಲ, ಅಂಕಲ್" ಎಂದು ಕನ್ನಡದಲ್ಲೇ ಹೇಳುವಂತಾಗಲಿ ಎಂದು ಹಾರೈಸುತ್ತೇನೆ.