ಬಳಸಿದ ಸೂಜಿಗೆ ತಿಪ್ಪೆ ತಕ್ಕ ಜಾಗವಲ್ಲ

ಮಗುವಿಗೆ ಲಸಿಕೆ ಹಾಕಿಸಲು, ಮೂರು ತಿಂಗಳಿಗೊಮ್ಮೆ ‘ಅಂತರಾ’ ಚುಚ್ಚುಮದ್ದು ಪಡೆಯಲು ನೀವು ಆರೋಗ್ಯ ಕೇಂದ್ರಕ್ಕೆ ಬರುತ್ತೀರಿ. ಔಷಧ ಶರೀರವನ್ನು ಸೇರಿದೊಡನೆ ಸೂಜಿಯನ್ನು ಮರೆಯುತ್ತೀರಿ. ಆದರೆ ಅದರಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಉಳಿದಿರುತ್ತದೆ. ಕಾಮಾಲೆಯನ್ನುಂಟುಮಾಡುವ ಹೆಪಟೈಟಿಸ್ ಬಿ ರೋಗಾಣುವು ಶರೀರದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲದು. ಅಂತಹ ಸೂಜಿ ತಿಪ್ಪೆಗೆ ಬಿದ್ದರೆ, ಬರಿಗಾಲಿನಲ್ಲಿ ಕಸ ಚೆಲ್ಲಲು ಹೋದವರಿಗೆ ನಾಟುತ್ತದೆ. ಮಕ್ಕಳು ಸಿರಿಂಜಿಗೆ ನೀರು ತುಂಬಿ ಆಡುತ್ತಾರೆ. 2009ರಲ್ಲಿ ಗುಜರಾತಿನ ಮೊಡಾಸಾ ಪ್ರದೇಶದಲ್ಲಿ ಬಳಸಿದ ಸಿರಿಂಜುಗಳ ಮರುಬಳಕೆಯಿಂದ ಈ ರೋಗ ಹಬ್ಬಿ ಅನೇಕರು ಮೃತಪಟ್ಟರು.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸೂಜಿಗಳನ್ನು ಬಿಳಿಯ ಗಟ್ಟಿ ಡಬ್ಬಿಯಲ್ಲಿಯೂ, ರಕ್ತ ತಾಗಿದ ಹತ್ತಿಯನ್ನು ಹಳದಿ ಚೀಲದಲ್ಲಿಯೂ ಹಾಕತಕ್ಕದ್ದು. ಹಾಗೆ ಹಾಕುವರೋ ಇಲ್ಲವೋ ಎಂದು ನೀವೇ ನೋಡಿರಿ; ಕೇಳಲು ಸಂಕೋಚ ಬೇಡ. ಹಿಂದೆ ಗಾಜಿನ ಸಿರಿಂಜನ್ನು ಕುದಿಸಿ ಮತ್ತೆ ಬಳಸುತ್ತಿದ್ದುದುಂಟು; ಪ್ಲಾಸ್ಟಿಕ್ಕಿನದಕ್ಕೆ ಅದು ಸಲ್ಲದು. ಸಣ್ಣ ಜ್ವರಕ್ಕೂ ‘ಸೂಜಿ ಹಾಕಿ’ ಎಂದು ಒತ್ತಾಯಿಸುವವರು ಬಹಳ. ಮಾತ್ರೆಯಲ್ಲಿ ಗುಣವಾಗುವುದಕ್ಕೆ ಸೂಜಿಯೇಕೆ?

ಮನೆಯಲ್ಲಿ ಹಿರಿಯರು ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಸೂಜಿಗಳನ್ನು ಮುಚ್ಚಳವಿರುವ ಗಟ್ಟಿ ಡಬ್ಬಿಯಲ್ಲಿ ಕೂಡಿಟ್ಟು ಆರೋಗ್ಯ ಕೇಂದ್ರಕ್ಕೆ ತಲುಪಿಸಿರಿ. ಒಲೆಗೆ ಹಾಕಬೇಡಿರಿ. ಪ್ಲಾಸ್ಟಿಕ್ಕು ವಿಷದ ಹೊಗೆಯಾಗುತ್ತದೆ. ಸೂಜಿಯು ಪಾತ್ರೆ ಬೆಳಗುವ ಬೂದಿಯಲ್ಲಿ ಉಳಿಯುತ್ತದೆ.

ಬಳಸಿದ ಸೂಜಿ ಅಕಸ್ಮಾತ್ ಚುಚ್ಚಿದರೆ ಗಾಯವನ್ನು ಹಿಂಡದೆ, ಸುಣ್ಣ ಅರಿಶಿನ ಹಚ್ಚದೆ, ಸಾಬೂನು ಹಾಗೂ ಹರಿಯುವ ನೀರಿನಿಂದ ತೊಳೆದು ಕೂಡಲೇ ವೈದ್ಯರನ್ನು ಕಾಣಿರಿ. ಎಚ್.ಐ.ವಿ. ಸೋಂಕನ್ನು ತಡೆಯುವ ಮಾತ್ರೆಗಳು ಬೇಕಾದಲ್ಲಿ ಅವುಗಳನ್ನು 72 ಗಂಟೆಗಳೊಳಗೆ ಆರಂಭಿಸಲೇಬೇಕು.