ಡೇರಿಯನ್: ಸುತ್ತಿ ಹೋಗುವುದೇ ಸರಿದಾರಿ

ಅಲಾಸ್ಕದಿಂದ ಅರ್ಜೆಂಟೀನಾದ ದಕ್ಷಿಣ ತುದಿಯವರೆಗೆ ಸುಮಾರು 30,000 ಕಿ.ಮೀ. ಹಬ್ಬಿರುವ ಪ್ಯಾನ್ ಅಮೆರಿಕನ್ ಹೆದ್ದಾರಿ ಒಂದೇ ಕಡೆ ತುಂಡಾಗುತ್ತದೆ. ಪನಾಮದ ಯಾವಿಸಾ ಎಂಬ ಊರಿನಲ್ಲಿ ರಸ್ತೆ ಮುಗಿದರೆ, ಮತ್ತೆ ಶುರುವಾಗುವುದು ಕೊಲಂಬಿಯಾದ ಟುರ್ಬೊ ಆಸುಪಾಸಿನಲ್ಲಿ. ನಡುವಿನ ನೂರು ಕಿ.ಮೀ.ಗೂ ತುಸು ಹೆಚ್ಚಿನ ಕಾಡು, ಬೆಟ್ಟ, ಜೌಗು ನೆಲವೇ ಡೇರಿಯನ್ ಗ್ಯಾಪ್. ಎರಡು ಖಂಡಗಳನ್ನು ನೆಲದ ಮೇಲೇ ದಾಟುವ ಹಟ ತೊಟ್ಟು ಬೆನ್ನಿಗೆ ಚೀಲ ಏರಿಸಿದವರಿಗೆ ಇದು ಕೈಬೀಸಿ ಕರೆಯುವ ಸವಾಲು. ಆದರೆ ಗಡಿ ದಾಟುವ ಜಾಣ್ಮೆಯನ್ನು ಪಟ್ಟ ಪಾಡಿನಿಂದ ಅಳೆಯಲಾಗದು. ಕಾನೂನು ಒಪ್ಪುವ ದಾರಿ ಪಕ್ಕದಲ್ಲೇ ಇರುವಾಗ ಈ ಕಾಡಿಗೆ ನುಗ್ಗುವುದು ಸಾಹಸವಲ್ಲ, ಹೊಣೆಗೇಡಿತನ.

ಯಾರೂ ಗೆಲ್ಲದ ಕಾಡು ಎಂಬ ಮೆರುಗು ಇದಕ್ಕೆ ಸಲ್ಲದು. 1960ರಲ್ಲೇ ಒಂದು ಲ್ಯಾಂಡ್ ರೋವರ್ ಮತ್ತು ಒಂದು ಜೀಪು 136 ದಿನ ತೆವಳಿ ಇದನ್ನು ದಾಟಿದವು. 1972ರಲ್ಲಿ ಬ್ರಿಟನ್ನಿನ ಸೇನಾಧಿಕಾರಿ ಜಾನ್ ಬ್ಲಾಶ್‌ಫರ್ಡ್ ಸ್ನೆಲ್ ಅವರ ತಂಡ ರೇಂಜ್ ರೋವರುಗಳನ್ನು ಸಾಗಿಸಿತು. ಆ ದಶಕದಲ್ಲಿ ಅಮೆರಿಕ ಹಣ ಕೊಟ್ಟು ರಸ್ತೆ ಕೂಡಿಸಲು ಹೊರಟಾಗ ಪರಿಸರ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. 1975ರಲ್ಲಿ ತಡೆ ಬಿತ್ತು. ಕೊಲಂಬಿಯಾದ ದನಗಳಲ್ಲಿದ್ದ ಕಾಲುಬಾಯಿ ರೋಗ ರಸ್ತೆ ಹಿಡಿದು ಉತ್ತರಕ್ಕೆ ಏರೀತೆಂಬ ಭಯವೂ ಅದಕ್ಕೆ ಒಂದು ಕಾರಣ. 1981ರಲ್ಲಿ ಪನಾಮದ ಡೇರಿಯನ್ ಉದ್ಯಾನ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಎಂಬೆರಾ, ವೌನಾನ್, ಗುನಾ ಸಮುದಾಯಗಳ ನೆಲೆಯೂ ಇದೇ ಸೀಮೆ. ಹೀಗೆ ರಸ್ತೆಯಿಲ್ಲದಿರುವುದು ಎಂಜಿನಿಯರುಗಳ ಸೋಲಿನಿಂದಲ್ಲ. ಬಹುಮಟ್ಟಿಗೆ ಬೇಕೆಂದೇ ಬಿಟ್ಟದ್ದರಿಂದ.

ದೋಣಿ ಹತ್ತಿದರೆ ನೆಲದ ಪ್ರಯಾಣದ ನಿಯಮ ಮುರಿಯುತ್ತದಲ್ಲ ಎಂಬುದು ಮೊದಲ ಆಕ್ಷೇಪ. ಆ ನಿಯಮ ಪ್ರವಾಸಿ ತನಗೆ ತಾನೇ ಹಾಕಿಕೊಂಡದ್ದು. ಪಾಸ್‌ಪೋರ್ಟಿನ ನಿಯಮ ಹಾಗಲ್ಲ. ಕಾಡಿನೊಳಗಿನ ಗಡಿಗೆರೆಯಲ್ಲಿ ಠಸ್ಸೆ ಒತ್ತುವ ಕಚೇರಿಯಿಲ್ಲ. ಕೆರಿಬಿಯನ್ ದಂಡೆಯ ಕಪುರ್ಗಾನಾದಲ್ಲಿ ಕೊಲಂಬಿಯಾದ ನಿರ್ಗಮನ ಠಸ್ಸೆ ಹಾಕಿಸಿ, ದೋಣಿಯಲ್ಲಿ ಪೋರ್ತೊ ಒಬಾಲ್ದಿಯಾಕ್ಕೆ ಹೋದರೆ ಪನಾಮದ ಪ್ರವೇಶ ಠಸ್ಸೆ ಸಿಗುತ್ತದೆ. ಕಾರ್ತಹೇನಾದಿಂದ ಸಾನ್ ಬ್ಲಾಸ್ ದ್ವೀಪಗಳ ಮೂಲಕ ಹಾಯಿದೋಣಿಗಳೂ ಇವೆ. ಠಸ್ಸೆಯಿಲ್ಲದೆ ಕಾಡಿನಿಂದ ಹೊರಬಿದ್ದವನು ಮುಂದಿನ ಗಡಿಯಲ್ಲಿ ಅಕ್ರಮ ಪ್ರವೇಶದ ಲೆಕ್ಕ ಒಪ್ಪಿಸಬೇಕಾಗುತ್ತದೆ. ಅವನು ಕಾಪಾಡಲು ಹೊರಟ ಪ್ರಯಾಣವೇ ಅಲ್ಲಿ ನಿಂತುಹೋದೀತು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. 2023ರಲ್ಲಿ 5.2 ಲಕ್ಷ, 2024ರಲ್ಲಿ 3 ಲಕ್ಷ ವಲಸಿಗರು ಇಲ್ಲಿ ನಡೆದರು. ಕಂಕುಳಲ್ಲಿ ಕೂಸಿದ್ದ ತಾಯಂದಿರು ದಾಟಿದ್ದನ್ನು ಗಟ್ಟಿಮುಟ್ಟಾದ ಯುವಕ ದಾಟಲಾರನೇ? ಜನ ಹೆಚ್ಚಿದ ಮಾತ್ರಕ್ಕೆ ದಾರಿ ಸುರಕ್ಷಿತವಾಗುವುದಿಲ್ಲ. ಈ ಕಾಡಿನಲ್ಲಿ ಲೈಂಗಿಕ ಹಿಂಸೆಗೆ ಒಳಗಾದ 676 ಮಂದಿಗೆ ತಾನು 2023ರಲ್ಲಿ ಚಿಕಿತ್ಸೆ ನೀಡಿದ್ದಾಗಿ ಗಡಿಯಿಲ್ಲದ ವೈದ್ಯರ ಸಂಸ್ಥೆ ಹೇಳಿದೆ. 2025ರ ಫೆಬ್ರುವರಿಯಲ್ಲಿ ಅಮೆರಿಕದ ಸೇನಾ ವಿಮಾನ ಅಮೃತಸರಕ್ಕೆ ತಂದಿಳಿಸಿದ 104 ಭಾರತೀಯರಲ್ಲೂ ಕೆಲವರು ಪನಾಮದ ಕಾಡಿನ ನರಕ ಕಂಡವರು. ಅವರಿಗೆ ಬೇರೆ ದಾರಿ ಕಾಣಲಿಲ್ಲ. ಪ್ರವಾಸಿಯ ಜೇಬಿನಲ್ಲಿ ಮರಳುವ ಟಿಕೆಟ್ ಇರುತ್ತದೆ. ಈಗ ವಲಸಿಗರ ಸಂಖ್ಯೆ ತೀರಾ ಕುಸಿದಿರುವುದರಿಂದ ಒಂಟಿ ಅಪರಿಚಿತ ಇನ್ನಷ್ಟು ಎದ್ದು ಕಾಣುತ್ತಾನೆ. 2000ದಲ್ಲಿ ಈ ಕಾಡು ಹೊಕ್ಕ ಇಬ್ಬರು ಬ್ರಿಟಿಷ್ ತರುಣರು ಬಂಡುಕೋರರ ಒತ್ತೆಯಲ್ಲಿ ಒಂಬತ್ತು ತಿಂಗಳು ಕಳೆದರು.

ಅಪಾಯವನ್ನು ಆಯ್ದುಕೊಳ್ಳುವುದು ಅವರವರ ಸ್ವಾತಂತ್ರ್ಯ, ಪರ್ವತಾರೋಹಿಗಳನ್ನು ನಾವು ಬೈಯುತ್ತೇವೆಯೇ ಎಂದೂ ಕೇಳಬಹುದು. ಪರ್ವತಾರೋಹಿ ಪರವಾನಗಿ ಪಡೆದು ಏರುತ್ತಾನೆ. ಅವನು ಕೊಡುವ ಹಣ ಬಂದೂಕು ಹಿಡಿದವರಿಗೆ ಹೋಗುವುದಿಲ್ಲ. ಡೇರಿಯನ್‌ನ ಕೊಲಂಬಿಯಾ ಬದಿಯ ಕಳ್ಳದಾರಿಗಳಲ್ಲಿ ಕ್ಲಾನ್ ಡೆಲ್ ಗೋಲ್ಫೊ ಎಂಬ ಸಶಸ್ತ್ರ ಗುಂಪು ಸುಂಕ ವಸೂಲು ಮಾಡುತ್ತ ಬಂದಿದೆ. ಪ್ರವಾಸಿ ಸಿಕ್ಕಿಬಿದ್ದರೆ ಹುಡುಕಲು ಹೊರಡುವವರು, ವಿಚಾರಣೆಗೆ ಸಿಕ್ಕುವ ಹಳ್ಳಿಗರು, ಅವನ ಸ್ವಾತಂತ್ರ್ಯದ ಬೆಲೆಯನ್ನು ತೆರುತ್ತಾರೆ. ಆದ್ದರಿಂದ ಈ ಯಾತ್ರೆಗೆ ಹೊರಡುವ ಕನ್ನಡಿಗರು ಎರಡೂ ದೇಶಗಳ ವೀಸಾ ನಿಯಮವನ್ನು ಮೊದಲೇ ತಿಳಿದುಕೊಳ್ಳಲಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕೆರಿಬಿಯನ್ ಕಡಲು ಒರಟಾಗಿರುವುದರಿಂದ ದೋಣಿಗಾಗಿ ಕಾಯುವ ದಿನಗಳನ್ನೂ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಲಿ. ಈ ಗಡಿ ಪ್ರವಾಸಿಯಿಂದ ಕೇಳುವುದು ತಾಳ್ಮೆ ಮತ್ತು ಕಾಗದಪತ್ರ, ಎದೆಗಾರಿಕೆಯನ್ನಲ್ಲ.